ಇಳಿಸುವ ವಿದ್ಯೆ

ನಮ್ಮ ಶಿವಪುರದ ಹೆಸರು ನಾಡಿನ ಕಿವಿಗೆ ಬಿದ್ದದ್ದು ಏರಿಸಿದ ಕಾರ್ಯವೊಂದರಿಂದ. 1938ರ ಏಪ್ರಿಲ್ ತಿಂಗಳಿನಲ್ಲಿ, ಸರ್ಕಾರದ ನಿಷೇಧಾಜ್ಞೆಯನ್ನು ಲೆಕ್ಕಿಸದೆ, ಟಿ. ಸಿದ್ಧಲಿಂಗಯ್ಯನವರ ಮುಂದಾಳುತನದಲ್ಲಿ ಮೈಸೂರು ಕಾಂಗ್ರೆಸ್ಸಿನವರು ಇಲ್ಲಿ ತ್ರಿವರ್ಣ ಧ್ವಜವನ್ನು ಏರಿಸಿದರು. ಆ ನೆನಪಿಗೆ ನಿಂತ ಸತ್ಯಾಗ್ರಹ ಸೌಧವನ್ನು ಮದ್ದೂರಿನ ದಾರಿಯಲ್ಲಿ ಓಡಾಡುವವರೆಲ್ಲ ಬಲ್ಲರು. ಏರಿಸಿದವರ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಅದು ಬರೆಯಬೇಕಾದ ಚರಿತ್ರೆಯೇ ಸರಿ. ನಾನು ಇಲ್ಲಿ ಹೇಳಹೊರಟಿರುವುದು ಮಾತ್ರ ಇಳಿಸುವುದನ್ನು ಕುರಿತು. ಇದೇ ಸೀಮೆಗೆ ಸೇರಿದ ಇನ್ನೊಂದು ಚರಿತ್ರೆ ಅದು, ವಿದ್ಯುಚ್ಛಕ್ತಿಯದು.

ವಿದ್ಯುತ್ತಿನ ವಿಷಯದಲ್ಲಿಯೂ ನಾವು ಹೊಗಳುವುದು ಏರಿಸಿದವರನ್ನೇ. ಶಿವನಸಮುದ್ರದಲ್ಲಿ ಕಾವೇರಿಯ ಧುಮುಕನ್ನು ಕಟ್ಟಿಹಾಕಿ, ಅದರಿಂದ ಹುಟ್ಟಿದ ಶಕ್ತಿಯ ಒತ್ತಡವನ್ನು ಎತ್ತರಕ್ಕೇರಿಸಿ, ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ ಸಾಹಸವನ್ನು ಶಾಲೆಯ ಮಕ್ಕಳೂ ಓದಿರುತ್ತಾರೆ. ಆದರೆ ಏರಿದ್ದು ಹಾಗೆಯೇ ಮನೆಯೊಳಕ್ಕೆ ಬಂದರೆ ಮನೆ ಉಳಿಯುವುದಿಲ್ಲ. ಎಲ್ಲಿಯೋ ಒಂದು ಕಡೆ ಯಾರೋ ಅದನ್ನು ಇಳಿಸಿಕೊಡಬೇಕು. ಹಿಂದೆ ಆ ಕೆಲಸವನ್ನು ಹಂಡೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಗಳು ಮಾಡುತ್ತಿದ್ದವು. ಈಗ ಹುಡುಗರು ತಮ್ಮ ಹವ್ಯಾಸದ ಯಂತ್ರಗಳಿಗೆ ಬಳಸುವ ಅಂಗೈಯಗಲಕ್ಕೂ ಕಡಿಮೆಯಾದ ಒಂದು ಬೋರ್ಡು, ಐವತ್ತು ಅರವತ್ತು ರೂಪಾಯಿಗೆ ಸಿಕ್ಕುವಂಥದು, ಅದೇ ಕೆಲಸವನ್ನು ಮಾಡುತ್ತೇನೆಂದು ಹೇಳುತ್ತದೆ. ಹೇಳಿದಂತೆ ನಡೆಯುತ್ತದೆಯೇ ಎಂಬುದು ಪ್ರಶ್ನೆ. ಕನ್ನಡದ ಅಧ್ಯಾಪಕನಿಗೆ ಇದರಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ಹಳೆಯ ಕಥೆ.

ಶಿವನಸಮುದ್ರದ ವಿದ್ಯುದಾಗಾರ ಕೆಲಸ ಆರಂಭಿಸಿದ್ದು 1902ರ ಜೂನ್ ತಿಂಗಳ ಕೊನೆಯಲ್ಲಿ. ಅದಕ್ಕಾಗಿ ಹೆಣಗಿದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಯೋಜನೆಯ ಎಂಜಿನಿಯರು ಜೋಲಿ ಡಿ ಲಾಟ್ಬಿನಿಯರ್. ಯೂರೋಪು ಅಮೆರಿಕಗಳನ್ನು ಸುತ್ತಿ ಅಲ್ಲಿನ ವಿದ್ಯುದಾಗಾರಗಳನ್ನು ಕಣ್ಣಾರೆ ಕಂಡು ಬಂದವರು. ನೀರಿನ ಚಕ್ರಗಳು ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಕಂಪೆನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯವು. ಅಲ್ಲಿಗೆ ಹತ್ತಿರದ ರೈಲು ನಿಲ್ದಾಣವೆಂದರೆ ನಮ್ಮ ಮದ್ದೂರು. ಮುಂದಿನ ದಾರಿಯನ್ನು ಆನೆಗಳೂ ಎತ್ತಿನ ಗಾಡಿಗಳೂ ಸಾಗಿಸಿದವೆಂದು ಹೇಳುವುದುಂಟು. ಗಣಿಗೆ ಅಲ್ಲಿಂದ 92 ಮೈಲಿ. ಅಷ್ಟು ದೂರ ತಂತಿಯಲ್ಲಿ ವಿದ್ಯುತ್ತನ್ನು ಕಳುಹಿಸಿದ್ದು ಅಂದಿನ ಪ್ರಪಂಚದಲ್ಲಿಯೇ ವಿರಳ.

ಕಳುಹಿಸಿದ್ದು ಹೇಗೆ? ಯಂತ್ರದಲ್ಲಿ ಹುಟ್ಟುತ್ತಿದ್ದ ಒತ್ತಡ ಎರಡು ಸಾವಿರ ವೋಲ್ಟಿಗೆ ಸ್ವಲ್ಪ ಮೇಲು. ಅದನ್ನು ಮೂವತ್ತು ಸಾವಿರಕ್ಕೂ ಮೇಲಕ್ಕೆ ಏರಿಸಿ ತಂತಿಗೆ ಬಿಟ್ಟರು. ಇದರ ಲೆಕ್ಕ ಸುಲಭ. ಒತ್ತಡ ಹತ್ತು ಪಟ್ಟು ಹೆಚ್ಚಿದರೆ, ಅಷ್ಟೇ ಶಕ್ತಿಗೆ, ಹರಿಯುವ ಪ್ರವಾಹ ಹತ್ತರಲ್ಲಿ ಒಂದು ಪಾಲಾಗುತ್ತದೆ; ತಂತಿ ಬಿಸಿಯಾಗಿ ಹಾಳಾಗುವ ಶಕ್ತಿ ನೂರರಲ್ಲಿ ಒಂದು ಪಾಲಾಗುತ್ತದೆ. ಗಣಿಯ ಬಳಿ ಅದನ್ನು ಮತ್ತೆ ಇಳಿಸಿ ಅದಿರು ಕುಟ್ಟುವ ಯಂತ್ರಗಳಿಗೆ ಕೊಟ್ಟರು. 1905ರಲ್ಲಿ ಬೆಂಗಳೂರಿನ ಬೀದಿಗೆ ಇದೇ ಶಕ್ತಿ ದೀಪವಾಗಿ ಇಳಿಯಿತು. ಬೆಂಗಳೂರು ಬೆಳಗಿದ್ದನ್ನು ಎಲ್ಲರೂ ಬರೆದರು. ಮೂವತ್ತು ಸಾವಿರವನ್ನು ದೀಪ ತಾಳುವಷ್ಟಕ್ಕೆ ತಂದ ಪೆಟ್ಟಿಗೆಯ ಮೇಲೆ ಒಂದು ಪದ್ಯವೂ ಹುಟ್ಟಿದಂತಿಲ್ಲ.

ಆ ಪೆಟ್ಟಿಗೆಯನ್ನು ಪುಸ್ತಕಗಳು ಪರಿವರ್ತಕವೆನ್ನುತ್ತವೆ. ನಮ್ಮ ಹಳ್ಳಿಗಳಲ್ಲಿ ಅದು ಟೀಸಿ. ಟೀಸಿ ಸುಟ್ಟುಹೋಯಿತೆಂದರೆ ಎಂಥ ಅನಾಹುತವೆಂಬುದು ಬೆಳೆದುನಿಂತ ಕಬ್ಬಿಗೆ ನೀರು ಕಟ್ಟುವ ಒಕ್ಕಲಿಗೆ ಗೊತ್ತು. ಅದರ ಒಳಗೆ ಆಡುವ ಭಾಗವೊಂದೂ ಇಲ್ಲ. ಕಬ್ಬಿಣದ ತಗಡುಗಳ ಒಂದು ಚೌಕಟ್ಟು, ಅದಕ್ಕೆ ಸುತ್ತಿದ ಎರಡು ಸುರುಳಿ. ಒಂದರಲ್ಲಿ ವಿದ್ಯುತ್ತು ಹಿಂದಕ್ಕೂ ಮುಂದಕ್ಕೂ ತೂಗಿದರೆ ಕಬ್ಬಿಣದಲ್ಲಿ ಕಾಂತತ್ವ ಏರಿಳಿಯುತ್ತದೆ, ಅದರಿಂದ ಇನ್ನೊಂದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಎರಡನೆಯದರಲ್ಲಿ ಸುತ್ತು ಕಡಿಮೆಯಿದ್ದರೆ ವೋಲ್ಟು ಕಡಿಮೆ. 1831ರಲ್ಲಿ ಫ್ಯಾರಡೆ ಕಬ್ಬಿಣದ ಬಳೆಯೊಂದರ ಮೇಲೆ ಈ ತತ್ತ್ವವನ್ನು ಕಂಡ. ಅದನ್ನು ದಿನಬಳಕೆಗೆ ಒಗ್ಗುವ ಯಂತ್ರವಾಗಿಸಿದವರು 1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಮೂವರು ಎಂಜಿನಿಯರುಗಳು. ಎರಡು ಸುರುಳಿಗಳೂ ಒಂದನ್ನೊಂದು ಮುಟ್ಟುವುದಿಲ್ಲ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದೇ ಮುಖ್ಯವಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅಂದು ಶಿವನಸಮುದ್ರದಿಂದ ಬರುತ್ತಿದ್ದ ವಿದ್ಯುತ್ತು ಸೆಕೆಂಡಿಗೆ 25 ಸಲ ತೂಗುತ್ತಿತ್ತು. ಇಂದು ದೇಶಕ್ಕೆಲ್ಲ 50. ತೂಗು ನಿಧಾನವಾದಷ್ಟೂ ಪರಿವರ್ತಕದಲ್ಲಿ ಕಬ್ಬಿಣ ಹೆಚ್ಚು ಬೇಕು. ಬೇಗವಾದಷ್ಟೂ ಕಡಿಮೆ ಸಾಕು. ಒಂದೇ ಕೆಲಸಕ್ಕೆ 25ರ ಪೆಟ್ಟಿಗೆ 50ರದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಭಾರ. ಈ ಸೂತ್ರವನ್ನು ಹಿಡಿದು ಮುಂದಕ್ಕೆ ಹೋದರೆ ಹುಡುಗರ ಕೈಯ ಬೋರ್ಡಿಗೆ ತಲಪುತ್ತೇವೆ.

ಪರಿವರ್ತಕಕ್ಕೆ ಒಂದು ಕೊರತೆಯುಂಟು. ತೂಗದೆ ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತನ್ನು ಅದು ಇಳಿಸಲಾರದು. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ಎಡಿಸನ್ ಹಚ್ಚಿದ ದೀಪಗಳಿಗೆ ನೇರ ವಿದ್ಯುತ್ತೇ ಬರುತ್ತಿತ್ತು. ಏರಿಸಿ ಇಳಿಸುವ ದಾರಿಯಿಲ್ಲದೆ ಅದು ಒಂದೆರಡು ಮೈಲಿಗಿಂತ ದೂರ ಹೋಗಲಾರದಾಯಿತು. ಎಡಿಸನ್ ಸೋತ, ತೂಗುವ ವಿದ್ಯುತ್ತು ಗೆದ್ದಿತು ಎಂದು ಎಲ್ಲರೂ ತೀರ್ಮಾನಿಸಿದರು. ಸೋಜಿಗವೆಂದರೆ, ಸೋತದ್ದು ಹಿಂಬಾಗಿಲಿನಿಂದ ಮನೆಗೆ ಬಂದಿದೆ. ರೇಡಿಯೋ, ಗಣಕಯಂತ್ರ, ಜೇಬಿನ ಫೋನು, ಯಾವುದನ್ನು ಬಿಚ್ಚಿದರೂ ಒಳಗೆ ಉಣ್ಣುವುದು ನೇರ ವಿದ್ಯುತ್ತನ್ನೇ, ಅದೂ 5 ವೋಲ್ಟು, 3.3 ವೋಲ್ಟು. ನಮಗೆ ಸುಲಭವಾಗಿ ದೊರೆಯುವ ಬ್ಯಾಟರಿಯಾದರೋ 12 ವೋಲ್ಟಿನದು. ನಡುವೆ ಇಳಿಸಬೇಕಲ್ಲ!

1970ರ ದಶಕದಿಂದ ಇದಕ್ಕೆ ಮೂರು ಕಾಲಿನ ಒಂದು ಚಿಪ್ ಬಳಕೆಯಲ್ಲಿದೆ. 7805 ಎಂದು ಹವ್ಯಾಸಿಗಳಿಗೆಲ್ಲ ಅದರ ಸಂಖ್ಯೆ ಬಾಯಿಪಾಠ. ಅದು ಪ್ರಾಮಾಣಿಕ, ಆದರೆ ದುಂದುಗಾರ. 12 ವೋಲ್ಟು ಬಂದರೆ 5ನ್ನು ಕೊಟ್ಟು, ಉಳಿದ 7ನ್ನು ಬಿಸಿಯಾಗಿ ಗಾಳಿಗೆ ಬಿಡುತ್ತದೆ. 1 ಆಂಪಿಯರ್ ಪ್ರವಾಹಕ್ಕೆ ಉಪಯೋಗವಾಗುವುದು 5 ವಾಟು, ಹಾಳಾಗುವುದು 7 ವಾಟು. ಉಂಡದ್ದಕ್ಕಿಂತ ಚೆಲ್ಲಿದ್ದು ಹೆಚ್ಚು.

ಚೆಲ್ಲದೆ ಇಳಿಸುವ ಉಪಾಯವೇ ಬಕ್ ಕನ್ವರ್ಟರ್ ಎಂಬುದು. ಮಂಡ್ಯದ ಸೀಮೆಯವರಿಗೆ ಅದನ್ನು ತಿಳಿಸುವುದು ಕಷ್ಟವಲ್ಲ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದೆ. ಗದ್ದೆಗೆ ಅಷ್ಟು ಬೇಡ. ಆಗ ತೂಬನ್ನು ಒಂದು ಗಳಿಗೆ ಪೂರ್ತಿ ತೆರೆದು, ಒಂದು ಗಳಿಗೆ ಪೂರ್ತಿ ಮುಚ್ಚಿ, ಮತ್ತೆ ತೆರೆದು, ಹೀಗೆ ಮಾಡಿದರೆ ಸರಾಸರಿ ಹದವಾದ ನೀರು ಸಿಕ್ಕುತ್ತದೆ, ಒಂದು ಹನಿಯೂ ಪೋಲಾಗುವುದಿಲ್ಲ. ಗದ್ದೆಗೆ ನೀರು ಬಿಟ್ಟುಬಿಟ್ಟು ನುಗ್ಗಬಾರದೆಂದು ನಡುವೆ ಒಂದು ಸಣ್ಣ ಕಟ್ಟೆಯನ್ನು ಕಟ್ಟಿಕೊಳ್ಳಬೇಕು, ಅಷ್ಟೆ. ಇಲ್ಲಿ ತೂಬಿನ ಕೆಲಸ ಟ್ರಾನ್ಸಿಸ್ಟರಿನದು. ಕಟ್ಟೆಯ ಕೆಲಸ ಒಂದು ಸುರುಳಿ ಮತ್ತು ಒಂದು ಕೆಪಾಸಿಟರಿನದು. ತೂಬು ಎಷ್ಟು ಬೇಗಬೇಗ ಆಡುತ್ತದೆಯೋ ಕಟ್ಟೆ ಅಷ್ಟು ಚಿಕ್ಕದಿದ್ದರೆ ಸಾಕು. ಮೇಲೆ ಹೇಳಿದ ಸೂತ್ರವೇ ಇದು, ಬೇರೆ ವೇಷದಲ್ಲಿ.

ಈ ಕೆಲಸಕ್ಕೆ ಬೇಕಾದುದನ್ನೆಲ್ಲ ಒಂದೇ ಚಿಪ್ಪಿನಲ್ಲಿ ಅಡಗಿಸಿ ಸುಲಭಗೊಳಿಸಿದ್ದು ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಕಂಪೆನಿ. 1990ರ ಆಸುಪಾಸಿನಲ್ಲಿ ಬಂದ ಎಲ್‌ಎಂ2576 ಸೆಕೆಂಡಿಗೆ 52,000 ಸಲ ತೂಬನ್ನಾಡಿಸುತ್ತಿತ್ತು. ಅದರ ತಮ್ಮನಾಗಿ ಬಂದ ಎಲ್‌ಎಂ2596 ಆಡಿಸುವುದು 1,50,000 ಸಲ. ಶಿವನಸಮುದ್ರದ 25 ಎಲ್ಲಿ, ಇದೆಲ್ಲಿ! ಹಂಡೆಯಷ್ಟಿದ್ದ ಕಬ್ಬಿಣ ಹುಣಸೆಬೀಜದಷ್ಟಾಗಿದ್ದರೆ ಆಶ್ಚರ್ಯವಿಲ್ಲ. 40 ವೋಲ್ಟಿನವರೆಗೆ ತಾಳಬಲ್ಲದು, 3 ಆಂಪಿಯರ್ ಕೊಡಬಲ್ಲದು ಎಂದು ತಯಾರಕರ ವಿವರಪತ್ರ ಹೇಳುತ್ತದೆ. 2011ರಲ್ಲಿ ಆ ಕಂಪೆನಿಯನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡುಕೊಂಡಿತು. ಚಿಪ್ ಇಂದಿಗೂ ತಯಾರಾಗುತ್ತಿದೆ. ಅಸಲು ಚಿಪ್ ಒಂದರ ಬೆಲೆಯೇ ನಾನು ಮೊದಲು ಹೇಳಿದ ಬೋರ್ಡಿಗೆ ಹಲವು ಪಟ್ಟು. ಆದರೂ ಆ ಬೋರ್ಡಿನ ನಡುವೆ ಕುಳಿತಿರುವ ಕರಿಯ ಚಿಪ್ಪಿನ ಮೇಲೆ ಎಲ್‌ಎಂ2596 ಎಂದೇ ಅಚ್ಚಾಗಿರುತ್ತದೆ. ಇಲ್ಲಿಂದ ಸಂಶಯ ಹುಟ್ಟಬೇಕು.

ನನಗೆ ಹುಟ್ಟಿದ್ದು ನನ್ನ ವಿದ್ಯಾರ್ಥಿಯೊಬ್ಬನಿಂದ. ಹತ್ತಿರದ ಹಳ್ಳಿಯ ಒಕ್ಕಲಿನ ಮಗ. ಪಂಪ್‌ಸೆಟ್ಟಿಗೆ ಮೂರು ಫೇಸಿನ ಕರೆಂಟು ಬರುವುದು ಎಷ್ಟೋ ಸಲ ರಾತ್ರಿಯ ಹೊತ್ತು. ತಂದೆ ಟಾರ್ಚು ಹಿಡಿದು ಗದ್ದೆಯ ಬದುವಿನ ಮೇಲೆ ಹೋಗಿ ಮೋಟಾರು ಹಾಕಿಬರಬೇಕು. ಹಾವಿನ ಭಯ. ಮನೆಯಿಂದಲೇ ಫೋನು ಮಾಡಿ ಮೋಟಾರು ಹಾಕುವಂತೆ ಈ ಹುಡುಗ ಒಂದು ಯಂತ್ರವನ್ನು ಜೋಡಿಸಿದ. ಸಿಮ್ ಹಾಕುವ ಒಂದು ಬೋರ್ಡು, ಅದನ್ನು ನಡೆಸುವ ಇನ್ನೊಂದು ಬೋರ್ಡು, ಮೋಟಾರಿನ ಸ್ಟಾರ್ಟರಿಗೆ ಒಂದು ರಿಲೇ, 12 ವೋಲ್ಟಿನ ಬ್ಯಾಟರಿ; ನಡುವೆ ಇಳಿಸಲು ಬೆಂಗಳೂರಿನಿಂದ ತಂದ ಅಗ್ಗದ ಕನ್ವರ್ಟರ್. ಎರಡು ತಿಂಗಳು ಚೆನ್ನಾಗಿ ನಡೆಯಿತು. ಬೇಸಿಗೆಯ ಒಂದು ರಾತ್ರಿ ಮೋಟಾರು ಆರಿಸಲು ಫೋನು ಮಾಡಿದರೆ ಉತ್ತರವಿಲ್ಲ. ರಿಲೇ ಎಳೆದುಕೊಂಡೇ ನಿಂತಿತ್ತು. ಬೋರ್‌ವೆಲ್ಲಿನಲ್ಲಿ ನೀರು ಮುಗಿದ ಮೇಲೂ ಮೋಟಾರು ಒಣಗಿ ಒಣಗಿ ಓಡಿ, ಬೆಳಗಾಗುವ ಹೊತ್ತಿಗೆ ಸುಟ್ಟಿತು.

“ಸಾ, ನಾನು ಕೊಟ್ಟಿದ್ದು ಹನ್ನೆರಡೇ. ಆ ಕಡೆ ಐದು ಬರ್ಬೇಕಾಗಿತ್ತು. ಬೆಳಗ್ಗೆ ಮೀಟ್ರು ಇಟ್ ನೋಡುದ್ರೆ ಆ ಕಡೇಗೂ ಹನ್ನೆರಡೇ ಬತ್ತಾ ಅದೆ” ಎಂದ ಹುಡುಗ. ತಂದೆಯೂ ಜೊತೆಗೆ ಬಂದಿದ್ದರು. “ಕತ್ಲಲ್ಲಿ ನಾನೇ ಹೋಗಿ ಹಾಕ್ಬತ್ತಿದ್ದೆ ಮೇಷ್ಟ್ರೇ. ಹಾವು ಕಚ್ಚುದ್ರೂ ಮೋಟ್ರು ಉಳ್ಕತಿತ್ತು” ಎಂದರು. ನಗಲೂ ಆಗದ, ಸುಮ್ಮನಿರಲೂ ಆಗದ ಮಾತು.

ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು ಅದೇ ಕಂತಿನಲ್ಲಿ ಕೊಂಡ ಇನ್ನೊಂದು ಬೋರ್ಡನ್ನು ಆಸಿಲೋಸ್ಕೋಪಿಗೆ ಹಚ್ಚಿ ನೋಡಿದರು. ತೆರೆಯ ಮೇಲೆ ಅಲೆ ಮೂಡಿತು. ಎಣಿಸಿದರೆ ಸೆಕೆಂಡಿಗೆ ಸುಮಾರು 50,000. ಒಂದೂವರೆ ಲಕ್ಷ ಬರಬೇಕಾದಲ್ಲಿ ಮೂರರಲ್ಲೊಂದು ಪಾಲು! ಇದು ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ಅನೇಕ ದೇಶಗಳ ಹವ್ಯಾಸಿಗಳು ಇಂಥ ಬೋರ್ಡುಗಳನ್ನು ಅಳೆದು ಇದೇ ಸಂಖ್ಯೆಯನ್ನು ಕಂಡಿದ್ದಾರೆ. ಹಳೆಯ ಬಗೆಯ, ನಿಧಾನದ, ಅಗ್ಗದ ಚಿಪ್ಪಿನ ಮೇಲೆ ಹೊಸದರ ಹೆಸರನ್ನು ಅಚ್ಚೊತ್ತಿದ್ದಾರೆ ಎಂದೇ ಇದರ ಅರ್ಥ.

ಇಲ್ಲಿಯೇ ನನ್ನ ಕಸುಬು ಇದಕ್ಕೆ ತಗಲುವುದು. ಒಬ್ಬ ವಚನಕಾರರ ಅಂಕಿತವಿಟ್ಟು ಇನ್ನೊಬ್ಬರು ಬರೆದ ವಚನಗಳು ನಮ್ಮ ಸಾಹಿತ್ಯದಲ್ಲಿ ಉಂಟು. ಅಂಕಿತವೊಂದನ್ನೇ ನೋಡಿ ಕರ್ತೃವನ್ನು ನಿರ್ಣಯಿಸಬಾರದೆಂದು ತರಗತಿಯಲ್ಲಿ ಪ್ರತಿವರ್ಷ ಹೇಳುತ್ತೇನೆ. ಭಾಷೆಯನ್ನು ನೋಡಬೇಕು, ಪದ್ಯವಾದರೆ ಛಂದಸ್ಸನ್ನು ನೋಡಬೇಕು. ಪ್ರಕ್ಷೇಪಗಾರ ಹೆಸರನ್ನು ಸುಲಭವಾಗಿ ಹಾಕಬಲ್ಲ. ಮಾತ್ರೆಯನ್ನು ತಪ್ಪದೆ ನಡೆಸುವುದು ಅವನಿಗೆ ಕಷ್ಟ. ಚಿಪ್ಪಿನ ಮೇಲಿನ ಅಚ್ಚು ಅಂಕಿತ. ಸೆಕೆಂಡಿಗೆ ಎಷ್ಟು ಸಲ ಎಂಬುದು ಅದರ ಛಂದಸ್ಸು. ಒಂದು ವ್ಯತ್ಯಾಸವೆಂದರೆ ವಚನದ ಪ್ರಕ್ಷೇಪದಿಂದ ಯಾರ ಮೋಟಾರೂ ಸುಡುವುದಿಲ್ಲ.

ನಿಧಾನವಾದರೆ ಏನು ನಷ್ಟ ಎಂದು ಕೇಳಬಹುದು. ಶಿವನಸಮುದ್ರ 25ರಲ್ಲಿ ನಡೆಯಲಿಲ್ಲವೇ? ನಡೆಯಿತು, ಏಕೆಂದರೆ ಅದರ ಕಬ್ಬಿಣ 25ಕ್ಕೆ ತಕ್ಕಷ್ಟಿತ್ತು. ಈ ಬೋರ್ಡಿನಲ್ಲಿ ತೂಬು ನಿಧಾನ, ಕಟ್ಟೆ ಮಾತ್ರ ಒಂದೂವರೆ ಲಕ್ಷದ ಲೆಕ್ಕಕ್ಕೆ ಕಟ್ಟಿದ್ದು. ಸುರುಳಿಯಲ್ಲಿ ಪ್ರವಾಹದ ಏರಿಳಿತ ಮೂರು ಪಟ್ಟಾಗುತ್ತದೆ. ಹೊರೆ ಹೆಚ್ಚಿದಾಗ ಸುರುಳಿಯ ತಿರುಳು ಕಾಂತತ್ವವನ್ನು ಇನ್ನು ಹೀರಲಾರದೆ ಕೈಚೆಲ್ಲುತ್ತದೆ. ಆ ಕ್ಷಣದಲ್ಲಿ ಸುರುಳಿ ಬರಿಯ ತಂತಿಯಂತಾಗಿ ಪ್ರವಾಹ ನುಗ್ಗುತ್ತದೆ, ಚಿಪ್ ಕಾಯುತ್ತದೆ. ಸಿಮ್ ಬೋರ್ಡು ಕರೆಯ ಹೊತ್ತಿನಲ್ಲಿ ಕ್ಷಣಮಾತ್ರ 2 ಆಂಪಿಯರ್ ವರೆಗೂ ಎಳೆಯುವಂಥದು. ತಗಡಿನ ಸೂರಿನ ಪಂಪ್ ಮನೆ, ಏಪ್ರಿಲ್ ತಿಂಗಳು. ಇನ್ನೇನು ಹೇಳಬೇಕು?

ಅಸಲು ಚಿಪ್ಪೇ ಇದ್ದರೂ 3 ಆಂಪಿಯರ್ ಎಂಬ ಮಾತನ್ನು ಎಚ್ಚರಿಕೆಯಿಂದ ಓದಬೇಕು. ಅದು ಚಿಪ್ಪಿನ ಶಕ್ತಿ, ಬೋರ್ಡಿನದಲ್ಲ. 12ರಿಂದ 5ಕ್ಕೆ ಇಳಿಸಿ 2 ಆಂಪಿಯರ್ ಕೊಟ್ಟರೆ ಹೊರಗೆ ಬರುವುದು 10 ವಾಟು, ಒಳಗೆ ಬಿಸಿಯಾಗುವುದು ಸುಮಾರು ಎರಡೂವರೆ ವಾಟು. ಆ ಬಿಸಿಯನ್ನು ಹರಡಲು ವಿಶಾಲವಾದ ತಾಮ್ರದ ಹರಹು ಬೇಕೆಂದು ತಯಾರಕರು ಹೇಳಿದ್ದಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಬೋರ್ಡಿನಲ್ಲಿ ಅದಕ್ಕೆ ಜಾಗವೆಲ್ಲಿ? ಪಕ್ಕದಲ್ಲಿಯೇ ಕೆಪಾಸಿಟರುಗಳು. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಅವುಗಳ ಆಯುಷ್ಯ ಅರ್ಧವಾಗುತ್ತದೆ ಎಂಬುದು ಕಸುಬಿನವರ ಲೆಕ್ಕ. ಒಲೆಯ ಪಕ್ಕದಲ್ಲಿ ಬೆಣ್ಣೆಯಿಟ್ಟಂತೆ.

ಇನ್ನು ವೋಲ್ಟನ್ನು ಹೊಂದಿಸುವ ತಿರುಪು. ಹಿತ್ತಾಳೆಯ ಸಣ್ಣ ತಲೆ, ಹಲವು ಸುತ್ತು ತಿರುಗಿಸಿದರೆ ಸ್ವಲ್ಪ ಬದಲಾವಣೆ. ಕೊಂಡು ತಂದಾಗ ಅದು ಯಾವ ವೋಲ್ಟಿಗೆ ನಿಂತಿರುತ್ತದೆಂದು ಹೇಳುವಂತಿಲ್ಲ. ಮೀಟರಿಟ್ಟು ನೋಡದೆ ಯಂತ್ರಕ್ಕೆ ಜೋಡಿಸಿದವರು ಯಂತ್ರವನ್ನು ಕಳೆದುಕೊಂಡಿದ್ದಾರೆ. ಅದರೊಳಗೆ ಒಂದು ಸಣ್ಣ ನಾಲಗೆ ಜಾರುತ್ತಿರುತ್ತದೆ. ಧೂಳು, ತೇವ, ಅದುರುವಿಕೆಗಳಿಂದ ನಾಲಗೆ ಸಂಪರ್ಕ ಕಳೆದುಕೊಂಡರೆ, ಹೊರಗೆ ಎಷ್ಟು ವೋಲ್ಟು ಹೋಗುತ್ತಿದೆಯೆಂಬ ಸುದ್ದಿ ಚಿಪ್ಪಿಗೆ ತಲಪುವುದಿಲ್ಲ. ಸುದ್ದಿ ಬಾರದಿದ್ದರೆ ಅದು ಏನೂ ಹೋಗುತ್ತಿಲ್ಲವೆಂದು ತಿಳಿದು ತೂಬನ್ನು ಪೂರ್ತಿ ತೆರೆದುಬಿಡುತ್ತದೆ. ಇದಕ್ಕಿಂತಲೂ ಚಿಕ್ಕದಾದ, ಎಂಪಿ1584 ಎಂಬ ಚಿಪ್ಪಿನ ಬೋರ್ಡುಗಳಿಗೆ ಬೇರೊಂದು ಗಂಡಾಂತರ. ಅವು ತಾಳುವುದು 28 ವೋಲ್ಟು. 24 ವೋಲ್ಟಿನ ಉದ್ದ ತಂತಿಯನ್ನು ಫಕ್ಕನೆ ಚುಚ್ಚಿದರೆ, ನೀರಿನ ಕೊಳಾಯಿಯಲ್ಲಿ ಪೆಟ್ಟು ಬೀಳುವಂತೆ ಒತ್ತಡ ಒಂದು ಕ್ಷಣ ಇಮ್ಮಡಿಯ ಹತ್ತಿರ ಜಿಗಿಯಬಹುದು. ಚಿಪ್ ಅಲ್ಲಿಯೇ ಮುಗಿಯಿತು.

ಸುರುಳಿಗಳು ಒಂದನ್ನೊಂದು ಮುಟ್ಟುವುದಿಲ್ಲವೆಂದು ಮೇಲೆ ಹೇಳಿದೆನಲ್ಲ, ಈಗ ಆ ಮಾತಿಗೆ ಬರುತ್ತೇನೆ. ಬೀದಿಯ ಟೀಸಿ ಒಂದು ಕಡೆ 11,000 ವೋಲ್ಟನ್ನು ಹಿಡಿದುಕೊಂಡು ಇನ್ನೊಂದು ಕಡೆಯಿಂದ ಮನೆಗೆ 230ನ್ನು ಕೊಡುತ್ತದೆ. ಅದು ಸುಟ್ಟರೆ ಬಹುಮಟ್ಟಿಗೆ ಆಗುವುದು ಊರಿಗೆ ಕತ್ತಲೆ. ನಾವು ಬೈದುಕೊಂಡು ಲೈನ್‌ಮನ್ ಬರುವ ದಾರಿ ಕಾಯುತ್ತೇವೆ. ಹನ್ನೊಂದು ಸಾವಿರ ಮನೆಯೊಳಕ್ಕೆ ಬರದಂತೆ ಎರಡು ಸುರುಳಿಗಳ ನಡುವೆ ಎಣ್ಣೆಯೂ ಕಾಗದವೂ ಅಡ್ಡ ನಿಂತಿರುತ್ತವೆ, ಜೊತೆಗೆ ಫ್ಯೂಸೂ ಇರುತ್ತದೆ. ಬಕ್ ಕನ್ವರ್ಟರಿನಲ್ಲಿ ಅಂಥ ಅಡ್ಡಗೋಡೆಯೇ ಇಲ್ಲ. ಒಳಬರುವುದಕ್ಕೂ ಹೊರಹೋಗುವುದಕ್ಕೂ ನಡುವೆ ಇರುವುದು ತೂಬೊಂದೇ. ಟ್ರಾನ್ಸಿಸ್ಟರು ಸಾಯುವಾಗ ಸಾಮಾನ್ಯವಾಗಿ ತೆರೆದುಕೊಂಡ ತೂಬಿನಂತೆ ಸಾಯುತ್ತದೆ. ಆಗ ನಾಲೆಯೆಲ್ಲ ಗದ್ದೆಗೆ. ಹುಡುಗನ ಮೀಟರು “ಆ ಕಡೇಗೂ ಹನ್ನೆರಡೇ” ತೋರಿಸಿದ್ದು ಇದನ್ನೇ. ಕೆಟ್ಟದ್ದು ಅರವತ್ತು ರೂಪಾಯಿಯ ವಸ್ತು, ದಂಡ ತೆತ್ತದ್ದು ಅದನ್ನು ನಂಬಿ ಮುಂದೆ ನಿಂತಿದ್ದವು. ಅಗ್ಗದ ವಸ್ತು ಕೆಡುತ್ತದೆ ಎಂಬುದು ನನ್ನ ದೂರಲ್ಲ, ದುಬಾರಿಯದೂ ಕೆಡುತ್ತದೆ. ಕೆಡುವಾಗ ಯಾವ ಕಡೆಗೆ ಬೀಳುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಕೇಳಿದರೆ ಉತ್ತರ ದೊರೆಯುವುದೂ ಉಂಟು. ಬೇಸಿಗೆಯ ರಜೆಯಲ್ಲಿ ನಾನೂ ಆ ಹುಡುಗನೂ ಬೆಂಗಳೂರಿನ ಒಂದು ಅಂಗಡಿಯಲ್ಲಿ ಈ ಚಿಪ್ಪನ್ನು ಕೇಳಿದೆವು. ಒಳಗಿದ್ದವರು ತಲೆಯೆತ್ತದೆ, “ಒರಿಜಿನಲ್ಲಾ, ಕಾಪಿನಾ?” ಎಂದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಎರಡರ ಬೆಲೆಯನ್ನೂ ಕೇಳಿಕೊಂಡು ಹುಡುಗ ಬಹಳ ಹೊತ್ತು ಯೋಚಿಸಿ ಕಾಪಿಯನ್ನೇ ಕೊಂಡ. ಮೋಟಾರು ಕಟ್ಟಿಸಿದ ಸಾಲ ಇನ್ನೂ ತೀರಿರಲಿಲ್ಲ.

ಆದರೆ ಈ ಸಲ ಅವನು ಅದನ್ನು ನಂಬಿ ಕೂರಲಿಲ್ಲ. ಭೌತಶಾಸ್ತ್ರದ ಮಿತ್ರರು ಅವನಿಗೆ ಒಂದು ಹಳೆಯ ಉಪಾಯ ಹೇಳಿಕೊಟ್ಟಿದ್ದರು. ಕಸುಬಿನವರು ಅದನ್ನು ಕ್ರೋಬಾರ್ ಎನ್ನುತ್ತಾರೆ, ಎಂದರೆ ನಮ್ಮ ಹಾರೆ. ಎರಡು ತಂತಿಗಳ ಮೇಲೆ ಕಬ್ಬಿಣದ ಹಾರೆಯನ್ನು ಅಡ್ಡ ಹಾಕಿದರೆ ಏನಾಗುತ್ತದೆಯೋ ಅದನ್ನೇ ಇಲ್ಲಿ ಬೇಕೆಂದು ಮಾಡುವುದು. ಹೊರಹೋಗುವ ವೋಲ್ಟು ಗೊತ್ತಾದ ಮೇರೆಯನ್ನು ದಾಟಿದ ತಕ್ಷಣ ಒಂದು ಜೀನರ್ ಡಯೋಡು ಎಚ್ಚೆತ್ತು ಥೈರಿಸ್ಟರ್ ಒಂದನ್ನು ಎಬ್ಬಿಸುತ್ತದೆ. ಅದು ಎರಡು ತಂತಿಗಳನ್ನೂ ಒಂದು ಮಾಡಿಬಿಡುತ್ತದೆ. ಬ್ಯಾಟರಿಯ ಕಡೆಯ ಫ್ಯೂಸ್ ಹಾರಿಹೋಗುತ್ತದೆ. ರಿಲೇ ಬಿಡುತ್ತದೆ, ಮೋಟಾರು ನಿಲ್ಲುತ್ತದೆ. ಟೀಸಿ ಸುಟ್ಟ ಬೀದಿಯಂತೆ ಕತ್ತಲೆ, ಅಷ್ಟೆ. ಸಾಮಾನುಗಳ ಬೆಲೆ ಕನ್ವರ್ಟರಿನ ಬೆಲೆಗಿಂತ ಹೆಚ್ಚಿಲ್ಲ. ಹುಡುಗ ಸ್ಟಾರ್ಟರಿಗೆ ನೀರಿಲ್ಲದಾಗ ನಿಲ್ಲಿಸುವ ಇನ್ನೊಂದು ಸಾಧನವನ್ನೂ ಜೋಡಿಸಿದ, ಕನ್ವರ್ಟರನ್ನು ತಗಡಿನಿಂದ ದೂರ ಗೋಡೆಯ ನೆರಳಿಗೆ ಸರಿಸಿದ, ತಿರುಪನ್ನು ಕಿತ್ತು ಅದರ ಜಾಗಕ್ಕೆ ಅಳೆದು ಆರಿಸಿದ ಸ್ಥಿರವಾದ ರೆಸಿಸ್ಟರನ್ನು ಬೆಸುಗೆ ಹಾಕಿದ.

ಪರೀಕ್ಷೆಗೆಂದು ತಂದೆಯ ಎದುರಿಗೇ 5 ವೋಲ್ಟಿನ ಕಡೆಗೆ ಬೇಕೆಂದೇ 12ನ್ನು ಮುಟ್ಟಿಸಿದ. ಟಪ್ ಎಂದು ಫ್ಯೂಸ್ ಹೋಯಿತು. ಉಳಿದದ್ದೆಲ್ಲ ಹಾಗೆಯೇ ಇತ್ತು. ಪಂಪ್ ಮನೆಯ ಗೋಡೆಗೆ ಈಗ ಒಂದು ಬೆಂಕಿಪೊಟ್ಟಣವನ್ನು ಮೊಳೆ ಹೊಡೆದು ಸಿಕ್ಕಿಸಿದ್ದಾರೆ. ಅದರಲ್ಲಿ ಹತ್ತು ಫ್ಯೂಸುಗಳಿವೆ.